ರಿವರ್ಬ್ ಪವರ್ ಸಪ್ಲೈನ ಗುಂಯ್ ಸದ್ದು ನಿಂತದ್ದು ಹೀಗೆ

ಮನೆಯಲ್ಲೇ ಮಾಡಿದ ಸ್ಪ್ರಿಂಗ್ ರಿವರ್ಬ್, ಅಂದರೆ ಗಿಟಾರ್ ಸದ್ದನ್ನು ಸ್ಪ್ರಿಂಗ್ ಮೂಲಕ ಹಾಯಿಸಿ ಪ್ರತಿಧ್ವನಿ ಕೊಡುವ ಡಬ್ಬಿ. ಅದರ ಪವರ್ ಸಪ್ಲೈನಲ್ಲಿ ಇದ್ದದ್ದು: 12-0-12 ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, ಎರಡು 2200 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್, 7812 ಮತ್ತು 7912 ರೆಗ್ಯುಲೇಟರ್ (+12, -12 ವೋಲ್ಟನ್ನು ಸ್ಥಿರವಾಗಿಡುವ ಚಿಪ್). ಗಿಟಾರ್ ಹಾಕದಿದ್ದರೂ ಗುಂಯ್ ಅನ್ನುವ ಒರಟು ಸದ್ದು, ರಿವರ್ಬ್ ನಾಬ್ ತಿರುಗಿಸಿದಷ್ಟೂ ಜಾಸ್ತಿ.

ಕೆಪಾಸಿಟರ್ 4700ಕ್ಕೆ ಏರಿಸಿದೆ, ರೆಗ್ಯುಲೇಟರ್ ಬದಲಿಸಿದೆ, ಶೀಲ್ಡ್ ಕೇಬಲ್ ಹಾಕಿದೆ. ಸುಮ್ನೆ ದುಡ್ಡು ದಂಡ. ಟ್ಯಾಂಕ್ (ಸ್ಪ್ರಿಂಗ್ ಇರುವ ಪೆಟ್ಟಿಗೆ) ಕೇಬಲ್ ತೆಗೆದು ಬೋರ್ಡಿನ ಆ ಇನ್‌ಪುಟ್ಟನ್ನು ಗ್ರೌಂಡಿಗೆ ಶಾರ್ಟ್ ಮಾಡಿದಾಗಲೂ ಸದ್ದು ಇತ್ತು, ಅಂದರೆ ಸ್ಪ್ರಿಂಗಿನದ್ದಲ್ಲ.

ತಪ್ಪು ಗ್ರೌಂಡ್ ವೈರಿನಲ್ಲಿತ್ತು. ಟ್ರಾನ್ಸ್‌ಫಾರ್ಮರಿನ ನಡುವಿನ (0) ವೈರನ್ನು ಆಡಿಯೋ ಬೋರ್ಡಿನ ಗ್ರೌಂಡಿಗೆ ಬೆಸೆದಿದ್ದೆ. ಕೆಪಾಸಿಟರ್ ತುಂಬುವಾಗ ಸೆಕೆಂಡಿಗೆ 100 ಸಲ ಹರಿಯುವ ಕರೆಂಟ್ ಸಿಗ್ನಲ್ ಗ್ರೌಂಡ್ ಮೂಲಕವೂ ಹೋಗುತ್ತಿತ್ತು. ಸರಿಯಾದ ಕ್ರಮ ಇದು: ನಡುವಿನ ವೈರ್ ಮೊದಲು ನೇರವಾಗಿ ಎರಡು ಕೆಪಾಸಿಟರ್ ಸೇರುವ ಕಾಲಿಗೆ. ಅಲ್ಲಿಂದ ಒಂದೇ ಒಂದು ದಪ್ಪ ವೈರ್ ಸ್ಟಾರ್ ಪಾಯಿಂಟಿಗೆ, ಅಂದರೆ ಎಲ್ಲ ಗ್ರೌಂಡೂ ಸೇರುವ ಒಂದೇ ಜಾಗಕ್ಕೆ. ರೆಗ್ಯುಲೇಟರುಗಳ ಗ್ರೌಂಡ್, ಬೋರ್ಡಿನ ಗ್ರೌಂಡ್, ಡಬ್ಬಿಗೆ ಹೋಗುವ ವೈರ್ ಎಲ್ಲವೂ ಈ ಸ್ಟಾರ್‌ನಿಂದ ಬೇರೆಬೇರೆಯಾಗಿ. ಜಾಕ್ ಪ್ಲಾಸ್ಟಿಕ್ಕಿನದ್ದೇ ಇರಲಿ, ಇಲ್ಲದಿದ್ದರೆ ಗ್ರೌಂಡ್ ಎರಡು ಕಡೆ ಡಬ್ಬಿಗೆ ತಾಗುತ್ತದೆ. ಮೇನ್ಸ್ ಅರ್ತ್ ಡಬ್ಬಿಗೆ ಗಟ್ಟಿಯಾಗಿ, ಅದನ್ನು ಮಾತ್ರ ತೆಗೆಯಬೇಡಿ.

ಇಷ್ಟಾದ ಮೇಲೂ 50 ಹರ್ಟ್ಸ್‌ನ ಸಣ್ಣ ಮೆತ್ತನೆ ಗುಂಗು ಉಳಿದಿತ್ತು, ಅದು ಟ್ಯಾಂಕಿನ ಔಟ್‌ಪುಟ್ ಕಾಯಿಲ್ ಟ್ರಾನ್ಸ್‌ಫಾರ್ಮರಿಗೆ ಹತ್ತಿರ ಇದ್ದುದರಿಂದ. ಟ್ಯಾಂಕನ್ನು ಹಿಂದುಮುಂದು ಮಾಡಿ, ಟ್ರಾನ್ಸ್‌ಫಾರ್ಮರನ್ನು 90 ಡಿಗ್ರಿ ತಿರುಗಿಸಿದಾಗ ಅದೂ ಹೋಯಿತು.

ಅಂದಹಾಗೆ, 7912ರ ಕಾಲುಗಳು 7812ರ ಹಾಗಲ್ಲ: ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಅದರ ಬೆನ್ನಿನ ಲೋಹ ಇನ್‌ಪುಟ್ಟಿಗೆ ಸೇರಿರುತ್ತದೆ, ಡಬ್ಬಿಗೆ ಸ್ಕ್ರೂ ಮಾಡುವಾಗ ಕರೆಂಟ್ ಹಾಯದಂತೆ ಮೈಕಾ ವಾಷರ್ ಹಾಕಿ.