ಪಿತೂರಿಯ ಮಾತು ಕೇಳಿದಾಗ ನಾನು ಮಾಡುವುದು

ಎಂಬತ್ತರ ದಶಕದಲ್ಲಿ ಗುಲ್ಬರ್ಗಾದಲ್ಲಿ ಓದುತ್ತಿದ್ದ ನಮ್ಮ ಗೆಳೆಯರ ಗುಂಪಿಗೆ ರಾಜಕೀಯವೆಂದರೆ ಒಂದೇ ಮಾತು: ಬೆಂಗಳೂರಿನವರು ಬೇಕೆಂದೇ ನಮ್ಮನ್ನು ಹಿಂದೆ ಇಟ್ಟಿದ್ದಾರೆ. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಭಾಗದಲ್ಲಿ ಶಾಲೆ, ನೀರಾವರಿ, ರಸ್ತೆ ಯಾವುದನ್ನು ನೋಡಿದರೂ ಆ ಮಾತಿಗೆ ಪುರಾವೆ ಸಿಗುತ್ತಿತ್ತು. ಸುಸಲಾ ಮಿರ್ಚಿ ತಿನ್ನುತ್ತ ಸಂಜೆಗಟ್ಟಲೆ ಅದನ್ನೇ ಆಡುತ್ತಿದ್ದೆವು.

2002ರಲ್ಲಿ ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಬಂದಾಗ ಗೆಳೆಯರು ‘ನಾವು ಹೇಳಿದ್ದೇ ಖರೆ ಆಯ್ತು’ ಎಂದರು. ಅಂಕಿಗಳು ಅವರ ಕಡೆಗೇ ಇದ್ದವು: ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವು. ಆದರೆ ಅದೇ ಪಟ್ಟಿಯನ್ನು ಕೊನೆಯವರೆಗೆ ಓದಿದಾಗ ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿ ಸೇರಿ ದಕ್ಷಿಣದ 13 ತಾಲ್ಲೂಕುಗಳೂ ಕಂಡವು. ಬೇಕೆಂದೇ ನಡೆದ ಪಿತೂರಿಯಾಗಿದ್ದರೆ ಪಿತೂರಿಗಾರರು ತಮ್ಮ ಮನೆಯಂಗಳವನ್ನೂ ಏಕೆ ಹಾಗೆ ಬಿಟ್ಟರು? ಅನ್ಯಾಯವಾದದ್ದು ನಿಜ, ಅದಕ್ಕೆಂದೇ 98ನೇ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಬಂತು. ಆದರೆ ಅನ್ಯಾಯವನ್ನು ತೋರಿಸಿದ ಮಾತ್ರಕ್ಕೆ ಅದರ ಹಿಂದಿನ ಉದ್ದೇಶವನ್ನು ತೋರಿಸಿದಂತಾಗುವುದಿಲ್ಲ. ನಿರ್ಲಕ್ಷ್ಯ, ಅನುಕೂಲಸ್ಥ ಕ್ಷೇತ್ರಗಳ ಒತ್ತಡ, ನಮ್ಮದೇ ಪ್ರತಿನಿಧಿಗಳ ಮೌನ, ಇವುಗಳಿಗೆ ಗುಟ್ಟಿನ ಸಭೆಯ ಅಗತ್ಯವಿಲ್ಲ. ಆಮೇಲಿಂದ ‘ಯಾರು ಮಾಡಿಸಿದರು’ ಎನ್ನುವುದಕ್ಕಿಂತ ಮುಂಚೆ ‘ಯಾರೂ ಮಾಡಿಸದೆಯೂ ಹೀಗಾಗಬಹುದಿತ್ತೇ’ ಎಂದು ಕೇಳಿಕೊಳ್ಳುವುದು ನನಗೆ ರೂಢಿಯಾಯಿತು.

ಮತಯಂತ್ರದ ವಿಚಾರದಲ್ಲಿ ಈ ರೂಢಿ ಹೆಚ್ಚು ಕೆಲಸಕ್ಕೆ ಬಂತು. ಅಧ್ಯಾಪಕನಾಗಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಕರ್ತವ್ಯವನ್ನು ಮಾಡಿದವನು ನಾನು. ಯಂತ್ರದಲ್ಲಿ ಮೋಸವಿದೆ ಎಂದು ಯಾರಾದರೂ ಹೇಳಿದರೆ, ಆ ಮೋಸ ಯಾವ ಹಂತದಲ್ಲಿ ಆಗಬೇಕು ಮತ್ತು ಅಲ್ಲಿ ಯಾವ ಕಾಗದ ಉಳಿಯುತ್ತದೆ ಎಂದು ಅವರನ್ನೇ ಕೇಳುತ್ತೇನೆ. ಮತದಾನಕ್ಕೆ ಮುನ್ನ ಅಭ್ಯರ್ಥಿಗಳ ಏಜೆಂಟರ ಎದುರು ಕನಿಷ್ಠ 50 ಮತಗಳ ಅಣಕು ಮತದಾನ ನಡೆಸಿ, ಎಣಿಸಿ ತೋರಿಸಿ, ಅಳಿಸಿ, ಮೊಹರು ಹಾಕುತ್ತೇವೆ. ಮುಗಿದ ಮೇಲೆ ಒಟ್ಟು ಎಷ್ಟು ಮತ ದಾಖಲಾದವೆಂಬುದನ್ನು ನಮೂನೆ 17ಸಿಯಲ್ಲಿ ಬರೆದು ಏಜೆಂಟರಿಗೂ ಪ್ರತಿ ಕೊಡುತ್ತೇವೆ. ದಾರಿಯಲ್ಲಿ ಯಂತ್ರ ಬದಲಾಯಿತು, ಮತ ಹೆಚ್ಚಾಯಿತು ಎನ್ನುವವರು ಆ ಪ್ರತಿಯನ್ನು ಎಣಿಕೆಯ ಅಂಕಿಯೊಂದಿಗೆ ಹೋಲಿಸಿದ್ದಾರೆಯೇ? ನಾನು ಕೇಳಿದ ಹೆಚ್ಚಿನವರಿಗೆ ಅಂಥದ್ದೊಂದು ಕಾಗದವಿದೆ ಎಂಬುದೇ ಗೊತ್ತಿರಲಿಲ್ಲ. ಹಾಗೆಂದು 17ಸಿ ಎಲ್ಲವನ್ನೂ ಸಾಬೀತು ಮಾಡುವುದಿಲ್ಲ: ಅದು ಎಷ್ಟು ಮತ ಎಂದು ಹೇಳುತ್ತದೆ, ಯಾರಿಗೆ ಎಂದು ಹೇಳುವುದಿಲ್ಲ. ಅದಕ್ಕೆ ಮತ ಯಾರಿಗೆ ಬಿತ್ತೆಂದು ಯಂತ್ರ ಮುದ್ರಿಸುವ ವಿವಿಪ್ಯಾಟ್ ಚೀಟಿ ಬೇಕು, ಮತ್ತು 2019ರ ಸುಪ್ರೀಂ ಕೋರ್ಟ್ ಆದೇಶದಂತೆ ಅದನ್ನು ತಾಳೆ ನೋಡುವುದು ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಮತಗಟ್ಟೆಗಳಲ್ಲಿ ಮಾತ್ರ. ಈ ಸಂಖ್ಯೆ ಸಾಲದು ಎಂದು ವಾದಿಸುವವರ ಜೊತೆ ನಾನು ಕುಳಿತು ಮಾತಾಡಬಲ್ಲೆ. ತಮ್ಮ ಪಕ್ಷ ಸೋತಾಗ ಮಾತ್ರ ಯಂತ್ರವನ್ನು ಬೈಯುವವರ ಜೊತೆ ಮಾತಾಡುವುದು ಕಷ್ಟ. ಅಂಥವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ.

ವಯಸ್ಸಾದಂತೆ ಎಲ್ಲ ಪಿತೂರಿಯ ಮಾತುಗಳನ್ನೂ ನಕ್ಕು ತಳ್ಳಿಹಾಕುವುದು ಕೂಡ ಒಂದು ಸೋಮಾರಿತನವೇ ಎಂಬುದನ್ನು ನಮ್ಮ ಜಿಲ್ಲೆಯ ಆಳಂದವೇ ತೋರಿಸಿತು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಅಲ್ಲಿ ಮತದಾರರ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದವು 24 ಮಾತ್ರ. ಉಳಿದ 5,994 ತಿರಸ್ಕೃತವಾಗಿ, ಪೊಲೀಸರಿಗೆ ದೂರು ಹೋಯಿತು. ಇಲ್ಲಿ ಹೆಸರು ತೆಗೆಯಲು ಸಲ್ಲಿಸುವ ನಮೂನೆ 7ರ ಅರ್ಜಿಗಳಿದ್ದವು, ತಮ್ಮ ಹೆಸರಿನಲ್ಲಿ ಅರ್ಜಿ ಬಿದ್ದದ್ದೇ ಗೊತ್ತಿಲ್ಲವೆನ್ನುವ ಜನರಿದ್ದರು, ಮನೆಮನೆಗೆ ಹೋಗಿ ನೋಡಿಬಂದವರಿದ್ದರು. ಸುಳ್ಳು ಅರ್ಜಿಗಳು ಬಂದದ್ದು ಖಚಿತ ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಅವನ್ನು ಯಾರು ಹಾಕಿಸಿದರು ಎನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಬೇರೆಯೇ ಪುರಾವೆ ಬೇಕು. ಮೊದಲನೆಯದರ ಬಲದಿಂದ ಎರಡನೆಯದನ್ನು ನಂಬಲು ನಾನು ಒಪ್ಪುವುದಿಲ್ಲ, ಎರಡನೆಯದು ಇತ್ಯರ್ಥವಾಗಿಲ್ಲವೆಂದು ಮೊದಲನೆಯದನ್ನು ಅಲ್ಲಗಳೆಯಲೂ ಒಪ್ಪುವುದಿಲ್ಲ. ಮತದಾರರ ಕರಡು ಪಟ್ಟಿ ಪ್ರಕಟವಾದಾಗ ನಮ್ಮ ಓಣಿಯ ಭಾಗವನ್ನು ತೆಗೆದು ಮನೆವಾರು ಹೆಸರು ನೋಡುತ್ತೇನೆ. ಯಾರದಾದರೂ ಬಿಟ್ಟುಹೋಗಿದ್ದರೆ ಅವರ ಮನೆಗೆ ಹೋಗಿ ಹೆಸರು ಸೇರಿಸುವ ನಮೂನೆ 6 ತುಂಬಿಸುತ್ತೇನೆ.