ನೆರಳಿನ ಮೂಲೆಗೆ ಹಕ್ಕಿಗೂಡು ಜರಿ

ನರ್ಸರಿಯಿಂದ ತಂದ ಹಕ್ಕಿಗೂಡು ಜರಿ (ಬರ್ಡ್ಸ್ ನೆಸ್ಟ್ ಫರ್ನ್) ಒಂದು ಮಳೆಗಾಲ ದಾಟದೆ ಸತ್ತಿತೆಂದರೆ ಮೊದಲು ಅನುಮಾನಿಸಬೇಕಾದ್ದು ಮಣ್ಣನ್ನು. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಈ ಗಿಡ ಮರದ ಕವಲಿನಲ್ಲೋ ಪಾಚಿಗಟ್ಟಿದ ಬಂಡೆಯ ಮೇಲೋ ಕೂತಿರುತ್ತದೆ. ಎಲೆಗಳು ಸುತ್ತಲೂ ಬಟ್ಟಲಿನಂತೆ ನಿಂತು, ಮೇಲಿಂದ ಉದುರುವ ತರಗೆಲೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದು ಕೊಳೆತದ್ದೇ ಗಿಡದ ಊಟ. ಕಂದು ಬೇರಿನ ಗಂಟು ಸ್ಪಂಜಿನಂತೆ ನೀರು ಹೀರಿಕೊಂಡರೂ ಒಳಗೆ ಗಾಳಿಯಾಡುತ್ತಿರಬೇಕು. ಕೆಂಪು ಮಣ್ಣಿಗೆ ಸಗಣಿ ಗೊಬ್ಬರ ಬೆರೆಸಿ ತುಂಬಿದ ಕುಂಡದಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ.

ಮಿಶ್ರಣ ಹೀಗಿರಲಿ: ಹೆಬ್ಬೆರಳ ಗಾತ್ರಕ್ಕೆ ಕತ್ತರಿಸಿದ ತೆಂಗಿನ ಸಿಪ್ಪೆ ಎರಡು ಪಾಲು, ಅರೆ ಕೊಳೆತ ತರಗೆಲೆ ಒಂದು ಪಾಲು, ಇದ್ದಿಲ ಚೂರು ಅರ್ಧ ಪಾಲು, ಇಟ್ಟಿಗೆ ಚೂರು ಅರ್ಧ ಪಾಲು. ಸಿಪ್ಪೆಯನ್ನು ಎರಡು ದಿನ ನೆನೆಹಾಕಿ, ಚಹಾ ಬಣ್ಣದ ನೀರನ್ನು ಮೂರು ಸಲವಾದರೂ ಚೆಲ್ಲಿ. ಅದರಲ್ಲಿರುವ ಉಪ್ಪು ಉಳಿದರೆ ಎಲೆಯ ತುದಿ ಸುಡುತ್ತದೆ. ನೆಲದಲ್ಲೇ ಬೇಕೆಂದರೆ ಗುಂಡಿ ತೋಡಬೇಡಿ. ಇದೇ ಮಿಶ್ರಣವನ್ನು ಕಲ್ಲುಗಳ ನಡುವೆ ಒಂದಡಿ ಎತ್ತರಕ್ಕೆ ದಿಬ್ಬ ಮಾಡಿ, ಅದರ ಮೇಲೆ ಕೂರಿಸಿ. ಎಲೆ ಹೊರಡುವ ಸುಳಿ ಯಾವತ್ತೂ ಮಿಶ್ರಣಕ್ಕಿಂತ ಮೇಲಿರಬೇಕು.

ಮರಕ್ಕೆ ಕಟ್ಟಿದರೆ ಇನ್ನೂ ಚಂದ, ಕೆಲಸವೂ ಕಡಿಮೆ. ಮಾವು, ಹಲಸಿನಂಥ ಒರಟು ತೊಗಟೆಯ ಮರವಾಗಬೇಕು. ತೊಗಟೆ ಸುಲಿದು ಬೀಳುವ ಪೇರಲೆ, ನೀಲಗಿರಿ ಆಗದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ, ಬೇರಿನ ಗಂಟಿಗೆ ತೆಂಗಿನ ನಾರು ಸುತ್ತಿ, ಗಿಡ ತುಸು ಮುಂದಕ್ಕೆ ಬಾಗಿರುವಂತೆ ಹುರಿಹಗ್ಗದಿಂದ ಬಿಗಿಯಾಗಿ ಕಟ್ಟಿ. ಬಾಗಿದ್ದರೆ ಬಟ್ಟಲಲ್ಲಿ ನೀರು ನಿಲ್ಲುವುದಿಲ್ಲ. ಹಗ್ಗ ಲಡ್ಡಾಗುವಷ್ಟರಲ್ಲಿ ಬೇರು ತೊಗಟೆ ಹಿಡಿದಿರುತ್ತದೆ. ಗಿಡ ಬೇಕೆಂದು ಕಾಡಿಗೆ ನುಗ್ಗಬೇಡಿ. ಮೀಸಲು ಅರಣ್ಯದಿಂದ ಕಿತ್ತು ತರುವುದು ಅಪರಾಧ. ಕಾಫಿ ತೋಟದಲ್ಲಿ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಸವರುವಾಗ, ಕೊಂಬೆಯ ಜೊತೆ ಗಿಡಗಳೂ ಕೆಳಗೆ ಬೀಳುತ್ತವೆ. ತೋಟದವರನ್ನು ಕೇಳಿದರೆ ಸಂತೋಷದಿಂದ ಕೊಟ್ಟಾರು.

ಬೆಳಗಿನ ಎಳೆ ಬಿಸಿಲು ಸರಿ, ಹತ್ತು ಗಂಟೆಯ ನಂತರದ್ದು ಬೇಡ. ನೀರನ್ನು ಬೇರಿನ ಸುತ್ತ ಹಾಕಿ, ಸುಳಿಯೊಳಗೆ ಸುರಿಯಬೇಡಿ. ಕಾಡಿನಲ್ಲಿ ಮಳೆ ಸುಳಿಗೇ ಬೀಳುತ್ತದಲ್ಲ ಎಂದು ಕೇಳಬಹುದು. ಅಲ್ಲಿ ಗಾಳಿಯಿದೆ, ನೀರು ಹರಿದು ಹೋಗಲು ಕೆಳಗೆ ಜಾಗವಿದೆ. ಜಗಲಿಯ ಮೂಲೆಯ ಕುಂಡದಲ್ಲಿ ಎರಡೂ ಇಲ್ಲ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ, ಬಯಲುಸೀಮೆಯಲ್ಲಾದರೆ ದಿನವೂ ನೀರು ಬೇಕಾದೀತು. ಬೆರಳಿಟ್ಟು ನೋಡಿ ಹಾಕಿ. ಗಡಸು ಬೋರ್‌ವೆಲ್ ನೀರಿಗಿಂತ ಹಿಡಿದಿಟ್ಟ ಮಳೆನೀರು ಎಷ್ಟೋ ಮೇಲು. ಗೊಬ್ಬರಕ್ಕೆ ಆತುರ ಬೇಡ: 19:19:19 ಪುಡಿಯನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಲೀಟರಿಗೆ ಅರ್ಧ ಗ್ರಾಂ ಕರಗಿಸಿ ತಿಂಗಳಿಗೊಮ್ಮೆ ಹಾಕಿ, ಚಳಿಗಾಲದಲ್ಲಿ ಅದೂ ಬೇಡ.

ಸುರುಳಿ ಬಿಚ್ಚುತ್ತಿರುವ ಎಳೆ ಎಲೆಯನ್ನು ಮುಟ್ಟಬಾರದು. ಇವತ್ತು ಉಗುರು ತಾಗಿದ ಚುಕ್ಕೆ, ಎಲೆ ಎರಡಡಿ ಬೆಳೆದಾಗ ಅಂಗೈಯಗಲದ ಕಂದು ಕಲೆಯಾಗಿ ಕಾಣಬಹುದು.

ಎಲೆಯ ಹಿಂಬದಿಯಲ್ಲಿ ಕಂದು ಗೆರೆ ಮೂಡಿದ ಕೂಡಲೇ ರೋಗವೆಂದು ಔಷಧಿ ಹೊಡೆಯುವವರು ಬಹಳ. ತಿರುಗಿಸಿ ನೋಡಿ. ನಡುನರದಿಂದ ಓರೆಯಾಗಿ, ಬಾಚಣಿಗೆಯ ಹಲ್ಲಿನಂತೆ ಒಂದೇ ಅಂತರದಲ್ಲಿ ಹೊರಟಿದ್ದರೆ ಅದು ಬೀಜಕ (ಬೀಜದ ಬದಲು ಜರಿ ಬಿಡುವ ಧೂಳಿನಂಥ ಕಣ), ಗಿಡ ಬಲಿತಿದೆ ಎಂದರ್ಥ. ಅಲ್ಲೊಂದು ಇಲ್ಲೊಂದು ಉಬ್ಬಿದ್ದು ಉಗುರಿನಿಂದ ಕೆರೆದರೆ ಕಿತ್ತು ಬರುವುದು ಶಲ್ಕ ಕೀಟ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ನಿಜಕ್ಕೂ ಹೆದರಬೇಕಾದ್ದು ಎಲೆಯ ಎರಡೂ ಬದಿಗೆ ಕಾಣುವ, ನರಗಳ ನಡುವೆ ಪಟ್ಟೆಯಾಗಿ ಕಪ್ಪಾಗುವ ಕಲೆಗೆ. ಅದು ಎಲೆಯೊಳಗಿನ ಜಂತುಹುಳುವಿನ ಕೆಲಸವಿರಬಹುದು, ನೀರು ಸಿಡಿದು ಪಕ್ಕದ ಗಿಡಕ್ಕೂ ಹರಡುತ್ತದೆ. ಅಂಥ ಎಲೆಯನ್ನು ಬುಡಕ್ಕೇ ಕತ್ತರಿಸಿ ಸುಡಿ, ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ. ಮಳೆಗಾಲದಲ್ಲಿ ಬಸವನಹುಳು ಸುಳಿಯನ್ನೇ ಮೇಯುತ್ತದೆ. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಸರಿ.

ಒಂದೇ ಸುಳಿಯ ಗಿಡವಾದ್ದರಿಂದ ಸೀಳಿ ಎರಡು ಮಾಡಲು ಬರುವುದಿಲ್ಲ. ಸಸಿ ಬೇಕಿದ್ದರೆ ಬೀಜಕ ಬಿತ್ತಬೇಕು. ಗೆರೆ ಕಡುಕಂದಾದ ಎಲೆಯ ತುಂಡನ್ನು ಕಾಗದದ ಮಡಿಕೆಯಲ್ಲಿ ಎರಡು ದಿನ ಇಟ್ಟರೆ ಕಾಫಿಪುಡಿಯಂಥ ಧೂಳು ಉದುರುತ್ತದೆ. ಹೊಸ ಇಟ್ಟಿಗೆಯನ್ನು ಅರ್ಧ ಗಂಟೆ ಕುದಿಸಿ, ಆರಿದ ಮೇಲೆ ತಟ್ಟೆಯ ನೀರಿನಲ್ಲಿಟ್ಟು, ಮೇಲೆ ಆ ಧೂಳನ್ನು ತೆಳ್ಳಗೆ ಉದುರಿಸಿ, ಪಾರದರ್ಶಕ ಡಬ್ಬಿ ಮುಚ್ಚಿ ನೆರಳಲ್ಲಿಡಿ. ಒಂದೆರಡು ತಿಂಗಳಲ್ಲಿ ಹಸಿರು ಪೊರೆ, ಆಮೇಲೆ ಹೃದಯದಾಕಾರದ ಪುಟ್ಟ ಹಾಳೆಗಳು ಕಾಣುತ್ತವೆ. ಆಗ ಕುದಿಸಿ ಆರಿಸಿದ ನೀರನ್ನು ಮಂಜಿನಂತೆ ಸಿಂಪಡಿಸಬೇಕು. ಆ ನೀರಿನ ಪೊರೆಯಲ್ಲೇ ಈಜಿ ಗಂಡು ಕೋಶ ಹೆಣ್ಣನ್ನು ಸೇರುವುದು. ಇಲ್ಲಿ ಒಣಗಲು ಬಿಟ್ಟವರಿಗೆ ಹಾಳೆ ಸಿಗುತ್ತದೆ, ಜರಿ ಸಿಗುವುದಿಲ್ಲ. ಮೊದಲ ಎಲೆ ಎರಡು ಸೆಂಟಿಮೀಟರ್ ಆದಾಗ ಚಿಮಟದಿಂದೆತ್ತಿ ಸಣ್ಣ ಕುಂಡಕ್ಕೆ ಹಾಕಿ. ಮರಕ್ಕೆ ಕಟ್ಟುವಷ್ಟಾಗಲು ಇನ್ನೂ ಎರಡು ಮಳೆಗಾಲ ಬೇಕು.