20 ವರ್ಷದ ಕರೆಂಟ್ ಯೋಜನೆಗೆ ಕೇರಿಯವರ ಮಾತು ಕೇಳುವುದು ಹೇಗೆ?

ಉತ್ತರ ಕನ್ನಡದ ಸಿದ್ದಿ, ಕುಣಬಿ, ಹಾಲಕ್ಕಿ, ಗೌಳಿ ಸಮುದಾಯಗಳ ಕೇರಿಗಳಲ್ಲಿ ‘ಸಮಾಲೋಚನಾ ಸಭೆ’ ಹೆಸರಲ್ಲಿ ನಡೆಯುವುದನ್ನು ಯಲ್ಲಾಪುರ, ಜೊಯಿಡಾ, ಅಂಕೋಲಾ ಕಡೆ ಬೇಕಾದಷ್ಟು ನೋಡಿದ್ದೇನೆ. ಬ್ಯಾನರ್ ಕಟ್ಟುತ್ತಾರೆ. ಹೊರಗಿನಿಂದ ಬಂದವರು ಲ್ಯಾಪ್‌ಟಾಪ್ ತೆರೆದು ಮುಕ್ಕಾಲು ಗಂಟೆ ಮಾತಾಡುತ್ತಾರೆ. ಹಿಂದೆ ಕೂತವರಿಗೆ ಪರದೆ ಕಾಣುವುದೇ ಇಲ್ಲ. ಕೊನೆಗೆ ‘ಯಾರದಾದರೂ ಪ್ರಶ್ನೆ ಇದೆಯಾ?’ ಅಂತ ಕೇಳುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ, ಚಹಾ ಬಿಸ್ಕತ್ ಆಗುತ್ತದೆ, ಒಂದು ಹಾಳೆಗೆ ಎಲ್ಲರ ಸಹಿ ಬೀಳುತ್ತದೆ. ಆ ಹಾಳೆ ವರದಿಗೆ ಹೋಗಿ ‘ಸ್ಥಳೀಯರ ಬೆಂಬಲ’ ಆಗಿಬಿಡುತ್ತದೆ.

ಈ ಜಿಲ್ಲೆ ಕರೆಂಟಿಗಾಗಿ ಕಳೆದುಕೊಂಡಿದ್ದು ಕಡಿಮೆಯೇನಲ್ಲ. ಸೂಪಾ ಪೇಟೆಯೇ ಕಾಳಿ ನದಿಯ ನೀರಲ್ಲಿ ಮುಳುಗಿ, ತಾಲ್ಲೂಕು ಕೇಂದ್ರ ಜೊಯಿಡಾಕ್ಕೆ ಬಂತು. ಆಮೇಲೆ ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಬಂದವು. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ ಓಡುತ್ತಿವೆ, ಅಲ್ಲೇ 700 ಮೆಗಾವ್ಯಾಟಿನ ಇನ್ನೆರಡು ಬರಲಿವೆ. ಇಷ್ಟಾದರೂ ಮಳೆಗಾಲದಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ಕಾಡಿನೊಳಗಿನ ಕೇರಿಗಳಲ್ಲಿ ದಿನಗಟ್ಟಲೆ ಕತ್ತಲೆ. ಮುಂದಿನ 20 ವರ್ಷಕ್ಕೆ ಯಾವ ಕರೆಂಟು, ಎಲ್ಲಿಂದ, ಯಾರಿಗೆ ಅಂತ ಲೆಕ್ಕ ಹಾಕುವಾಗಲಾದರೂ ಇವರನ್ನು ಸರಿಯಾಗಿ ಕೇಳಬೇಕು. ಪಂಚಾಯ್ತಿ ಸದಸ್ಯರಿಗೆ, ಹೆಸ್ಕಾಂ (ಇಲ್ಲಿಗೆ ಕರೆಂಟು ಕೊಡುವ ಕಂಪನಿ) ಎಂಜಿನಿಯರುಗಳಿಗೆ, ಸಂಘ ಸಂಸ್ಥೆಗಳ ಹುಡುಗ ಹುಡುಗಿಯರಿಗೆ, ಕನ್ಸಲ್ಟೆಂಟ್‌ಗಳಿಗೆ ಇದು ಉಪಯೋಗಕ್ಕೆ ಬರಲಿ.

1. ಯಾವುದು ಇನ್ನೂ ತೀರ್ಮಾನವಾಗಿಲ್ಲ ಅಂತ ಮೊದಲು ತಿಳಿದುಕೊಳ್ಳಿ

ಕೇರಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಇವರು ಹೇಳಿದರೆ ಏನು ಬದಲಾಗಬಹುದು? ಏನೂ ಬದಲಾಗುವುದಿಲ್ಲ ಅಂತಾದರೆ ಅದನ್ನು ‘ಮಾಹಿತಿ ಸಭೆ’ ಅಂತಲೇ ಕರೆಯಿರಿ. ಸಮಾಲೋಚನೆ ಅನ್ನಬೇಡಿ.

ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ನಡೆಯುವ ಸಾರ್ವಜನಿಕ ಅಹವಾಲು ಒಂದು ನಿರ್ದಿಷ್ಟ ಯೋಜನೆಗೆ ಸಂಬಂಧಪಟ್ಟಿದ್ದು. ಅದು ನಡೆಯುವ ಹೊತ್ತಿಗೆ ಜಾಗ, ಗಾತ್ರ ಎಲ್ಲ ನಿಗದಿಯಾಗಿರುತ್ತದೆ. 2000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆ ಹತ್ತಿಸಿಟ್ಟು ಬೇಕಾದಾಗ ಇಳಿಸಿ ಕರೆಂಟು ಮಾಡುವ) ಯೋಜನೆ ಬಗ್ಗೆ 2025ರ ಸೆಪ್ಟೆಂಬರ್‌ನಲ್ಲಿ ಗೇರುಸೊಪ್ಪೆಯಲ್ಲಿ ಅಹವಾಲು ನಡೆಯಿತಲ್ಲ, ಅಲ್ಲಿ ಜನರ ಮುಂದಿದ್ದುದು ಆ ಒಂದು ಯೋಜನೆ ಮಾತ್ರ. ‘ಸಂಜೆ ಹೊತ್ತಿನ ಕರೆಂಟಿಗೆ ಬೇರೆ ದಾರಿ ಏನೇನಿದೆ, ಯಾವುದಕ್ಕೆ ಎಷ್ಟು ಕಾಡು ಹೋಗುತ್ತದೆ’ ಅಂತ ಕೂತು ಮಾತಾಡುವ ಕಾಲ ಅದಕ್ಕಿಂತ ಎಷ್ಟೋ ಹಿಂದೆಯೇ ಇತ್ತು. ದೀರ್ಘಾವಧಿ ಯೋಜನೆಯ ಸಮಾಲೋಚನೆ ಅಂದರೆ ಅದು. ನಕ್ಷೆಯ ಮೇಲೆ ಗೆರೆ ಎಳೆಯುವ ಮೊದಲು ಕೇಳುವುದು.

ಆ ಮಾತು ಹೋಗಿ ಸೇರುವ ಜಾಗಗಳೂ ಇವೆ. 2003ರ ವಿದ್ಯುತ್ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಕೇಂದ್ರ ವಿದ್ಯುತ್ ಪ್ರಾಧಿಕಾರ ಐದು ವರ್ಷಕ್ಕೊಮ್ಮೆ ರಾಷ್ಟ್ರೀಯ ವಿದ್ಯುತ್ ಯೋಜನೆ ಮಾಡಬೇಕು, ಕರಡು ಪ್ರಕಟಿಸಿ ಸಾರ್ವಜನಿಕರ ಸಲಹೆ, ಆಕ್ಷೇಪ ಕೇಳಬೇಕು. ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿ ಪ್ರಕಾರ ಎಸ್ಕಾಂಗಳು (ಹೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿಗಳು) ಮುಂದಿನ 10 ವರ್ಷಕ್ಕೆ ಬೇಡಿಕೆ ಎಷ್ಟು, ಅದನ್ನು ಎಲ್ಲಿಂದ ತರುತ್ತೇವೆ ಅಂತ ಪ್ರತಿ ವರ್ಷ ಲೆಕ್ಕ ಕೊಡಬೇಕು. ದರದ ವಿಷಯಕ್ಕೆ ಕೆಇಆರ್‌ಸಿ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ವಿಚಾರಣೆ ಇರುತ್ತದೆ. ನಿಮ್ಮ ಸಭೆಯ ಮಾತು ಇವುಗಳಲ್ಲಿ ಯಾವುದಕ್ಕೆ, ಯಾವ ತಾರೀಕಿನೊಳಗೆ ಹೋಗುತ್ತದೆ ಅಂತ ಗೊತ್ತಿಲ್ಲದೆ ಸಭೆ ಕರೆಯಬೇಡಿ.

2. ಯಾರನ್ನು ಕೇಳಬೇಕು

ಪರಿಶಿಷ್ಟ ಪಂಗಡದ ಪಟ್ಟಿ ಹಿಡಿದು ಹೊರಡಬೇಡಿ. ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದರು. ಹಾಲಕ್ಕಿ ಒಕ್ಕಲಿಗರು ತಮ್ಮನ್ನೂ ಸೇರಿಸಿ ಅಂತ ಎಷ್ಟೋ ವರ್ಷದಿಂದ ಕೇಳುತ್ತಲೇ ಇದ್ದಾರೆ. ಕುಣಬಿಗಳು ಗೋವಾದಲ್ಲಿ ಪರಿಶಿಷ್ಟ ಪಂಗಡ, ಗಡಿ ದಾಟಿ ಜೊಯಿಡಾಕ್ಕೆ ಬಂದರೆ ಅಲ್ಲ! ಕಾಡು, ನೀರು, ಗದ್ದೆ ನಂಬಿ ಬದುಕುವವರು ಯಾರು ಅನ್ನುವುದೇ ಅಳತೆಯಾಗಲಿ. ‘ಪೆಸಾ ಕಾಯ್ದೆ ಪ್ರಕಾರ’ (ಆದಿವಾಸಿ ಪ್ರದೇಶಗಳ ಗ್ರಾಮಸಭೆಗೆ ಹೆಚ್ಚು ಅಧಿಕಾರ ಕೊಡುವ ಕಾನೂನು ಅದು) ಅಂತ ಭಾಷಣ ಮಾಡುವವರೂ ಸಿಗುತ್ತಾರೆ. ಅದು ಅನ್ವಯಿಸುವುದು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ, ಕರ್ನಾಟಕದಲ್ಲಿ ಅಂಥ ಪ್ರದೇಶ ಇಲ್ಲ, ಹಾಗಾಗಿ ಆ ಕಾಯ್ದೆ ಇಲ್ಲಿಗೆ ಬರುವುದಿಲ್ಲ. ನಮಗೆ ಆಧಾರ 2006ರ ಅರಣ್ಯ ಹಕ್ಕು ಕಾಯ್ದೆ.

ಅರಣ್ಯ ಹಕ್ಕಿನ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ, ಆದ್ದರಿಂದ ಇವರನ್ನು ಕೇಳುವ ಅಗತ್ಯ ಇಲ್ಲ ಅನ್ನುವ ವಾದ ಇನ್ನೊಂದು. ಕೆನಡಾದ ಸುಪ್ರೀಂ ಕೋರ್ಟ್ 2004ರಲ್ಲಿ ಹೈದಾ ಅನ್ನುವ ಅಲ್ಲಿನ ಮೂಲನಿವಾಸಿಗಳ ಪ್ರಕರಣದಲ್ಲಿ ಇದೇ ವಾದವನ್ನು ತಳ್ಳಿಹಾಕಿತು. ಹಕ್ಕು ಸಾಬೀತಾಗುವ ಮೊದಲೇ ಸರ್ಕಾರ ಮೂಲನಿವಾಸಿಗಳ ಜೊತೆ ಸಮಾಲೋಚಿಸಬೇಕು, ದೊಡ್ಡ ಯೋಜನೆ ರೂಪಿಸುವ ಹಂತದ ತೀರ್ಮಾನಗಳೇ ಅವರಿಗೆ ದೊಡ್ಡ ಪೆಟ್ಟು ಕೊಡಬಹುದು ಅಂದಿತು. ಆ ತೀರ್ಪು ನಮ್ಮಲ್ಲಿ ಕಾನೂನಲ್ಲ, ನಿಜ. ಆದರೆ ಅದರ ನ್ಯಾಯ ಸಿರ್ಸಿ ತಾಲ್ಲೂಕಿನ ಅತಿಕ್ರಮಣದಾರ ಅಂತ ಕರೆಸಿಕೊಳ್ಳುವ ಸಿದ್ದಿ ಕುಟುಂಬಕ್ಕೂ ಸರಿಯಾಗಿ ಹೊಂದುತ್ತದೆ.

ಸಭೆ ಕೇರಿಯಲ್ಲೇ ಆಗಬೇಕು. ಪಂಚಾಯ್ತಿ ಕಟ್ಟಡದಲ್ಲಿ ಅಲ್ಲ. ಹಗಲೆಲ್ಲ ಯಾರ ತೋಟದಲ್ಲಿ ಕೂಲಿ ಮಾಡುತ್ತಾರೋ ಅವರೇ ಮುಂದಿನ ಕುರ್ಚಿಯಲ್ಲಿ ಕೂತಿದ್ದರೆ ಯಾರು ಮಾತಾಡುತ್ತಾರೆ ಹೇಳಿ? ಹಾಲಕ್ಕಿ ಕೊಪ್ಪಕ್ಕೆ (ಅವರ ಕೇರಿಗೆ) ಹೋಗುವಾಗ ಊರಗೌಡರಿಗೆ ಮೊದಲು ಹೇಳಿ, ಅದು ಮರ್ಯಾದೆ. ಆದರೆ ಅವರೊಬ್ಬರ ಮಾತನ್ನೇ ಕೊಪ್ಪದ ಮಾತು ಅಂತ ಬರೆದುಕೊಂಡು ವಾಪಸ್ ಬರಬೇಡಿ.

3. ದಿನ, ಹೊತ್ತು, ಭಾಷೆ

ನಾಟಿ ಹೊತ್ತು ಬೇಡ, ಅಡಿಕೆ ಕೊಯ್ಲು ಬೇಡ, ಸುಗ್ಗಿ ಕುಣಿತದ ದಿನಗಳು ಬೇಡವೇ ಬೇಡ. ಹಗಲು ಕರೆದರೆ ಬಂದವರಿಗೆಲ್ಲ ಒಂದು ದಿನದ ಕೂಲಿ ಕೊಡಿ, ಮುಖಂಡರಿಗೆ ಮಾತ್ರ ಅಲ್ಲ. ಸಿದ್ದಿ, ಕುಣಬಿ ಕೇರಿಗಳಲ್ಲಿ ಕೊಂಕಣಿ, ಗೌಳಿ ದಡ್ಡಿಗಳಲ್ಲಿ ಮರಾಠಿ ಬರುವವರು ಬೇಕು. ಆ ಸಮುದಾಯದ ಹುಡುಗಿಯೇ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಟ್ಯಾಬ್ಲೆಟ್‌ನಲ್ಲಿ ‘ತೃಪ್ತಿ–ಅತೃಪ್ತಿ’ ಬಟನ್ ಒತ್ತಿಸುವ ಸರ್ವೆ ಆ್ಯಪ್‌ಗಳು ಈಗ ಎಲ್ಲ ಕಡೆ ಬಂದಿವೆ. ಮುಟ್ಟಬೇಡಿ. ಯಾವುದಕ್ಕೆ ತೃಪ್ತಿ ಅಂತ ಆರು ತಿಂಗಳ ಮೇಲೆ ನಿಮಗೂ ಹೇಳಲು ಬರುವುದಿಲ್ಲ. ವಾಟ್ಸ್ಆ್ಯಪ್ ಪೋಲ್ ಕೂಡ ಹಾಗೇ, ನೆಟ್‌ವರ್ಕ್ ಸಿಗುವ ಗುಡ್ಡದ ಮೇಲಿನ ನಾಲ್ಕು ಹುಡುಗರ ಅಭಿಪ್ರಾಯ ಸಿಗುತ್ತದೆ ಅಷ್ಟೇ. ಸಭೆಗೆ ಬಂದವರಿಗೆ ಅಗ್ಗದ ಸೋಲಾರ್ ಲಾಟೀನು ಹಂಚುವುದನ್ನಂತೂ ಖಂಡಿತ ಮಾಡಬೇಡಿ. ಉಡುಗೊರೆ ಕೈಯಲ್ಲಿ ಹಿಡಿದವರು ಬೇಡ ಅನ್ನಲು ಹಿಂಜರಿಯುತ್ತಾರೆ. ಅದರ ಬ್ಯಾಟರಿ ಎರಡನೇ ಮಳೆಗಾಲ ನೋಡುವುದೂ ಇಲ್ಲ.

4. ಮೊದಲು ಅವರ ದೂರು ಕೇಳಿ

ಕರೆಂಟಿನ ಸಭೆ ಅಂದ ತಕ್ಷಣ ಜನ ಬಿಲ್ ಹಿಡಿದುಕೊಂಡೇ ಬರುತ್ತಾರೆ. ಗೃಹಜ್ಯೋತಿ ಯಾಕೆ ಬಂದಿಲ್ಲ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಎಷ್ಟು ದಿನ ಆಯ್ತು, ಕಂಬ ವಾಲಿದೆ. ‘ಅದು ಇವತ್ತಿನ ವಿಷಯ ಅಲ್ಲ’ ಅಂದಿರೋ, ಸಭೆ ಅಲ್ಲಿಗೇ ಮುಗಿಯಿತು. ಸೆಕ್ಷನ್ ಆಫೀಸರನ್ನೋ ಲೈನ್‌ಮನ್ನನ್ನೋ ಜೊತೆಗೆ ಕರೆದುಕೊಂಡು ಹೋಗಿ, ಮೊದಲ ಒಂದು ಗಂಟೆ ಇದಕ್ಕೇ ಕೊಡಿ.

‘ಅರಣ್ಯ ಇಲಾಖೆ ಲೈನ್ ಎಳೆಯಲು ಬಿಡುವುದಿಲ್ಲ’ ಅನ್ನುವ ಮಾತು ಜೊಯಿಡಾ ಕಡೆ ಬಂದೇ ಬರುತ್ತದೆ. ಉತ್ತರ ಗೊತ್ತಿರಲಿ. ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2)ರಲ್ಲಿ ಊರಿಗೆ ಬೇಕಾದ ವಿದ್ಯುತ್ ಲೈನಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡು, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಲು ಅವಕಾಶ ಇದೆ. ಇದನ್ನು ಅಲ್ಲೇ ಹೇಳಿ, ಅರ್ಜಿ ಬರೆಯಲು ಸಹಾಯ ಮಾಡಿ.

5. 20 ವರ್ಷವನ್ನು ಅಂಗಳದಲ್ಲಿ ತೋರಿಸುವುದು

ಪ್ರೊಜೆಕ್ಟರ್ ಬೇಡ. ಸಾರಿಸಿದ ಅಂಗಳ, ಒಂದು ಇದ್ದಿಲು, ಒಂದು ಬುಟ್ಟಿ ಅಡಿಕೆ, ಒಂದು ಬುಟ್ಟಿ ಗೇರುಬೀಜ ಸಾಕು.

ಉದ್ದಕ್ಕೆ ಒಂದು ಗೆರೆ ಎಳೆದು ಆರು ಭಾಗ ಮಾಡಿ: ಬೆಳಗಿನ ಜಾವ, ಬೆಳಿಗ್ಗೆ, ಮಧ್ಯಾಹ್ನ, ಇಳಿಹೊತ್ತು, ಸಂಜೆಯಿಂದ ರಾತ್ರಿ ಊಟದವರೆಗೆ, ನಡುರಾತ್ರಿ. ಪ್ರತಿ ಮನೆಗೆ ಹತ್ತು ಅಡಿಕೆ ಕೊಟ್ಟು, ಕರೆಂಟು ಬೇಕಾದ ಹೊತ್ತಿಗೆ ಇಡಲು ಹೇಳಿ. ಹೆಚ್ಚಿನವು ಸಂಜೆಯ ಭಾಗದಲ್ಲಿ ಗುಡ್ಡೆ ಬೀಳುತ್ತವೆ. ಯಲ್ಲಾಪುರದ ಕಡೆ ಒಂದು ಕೇರಿಯಲ್ಲಿ ಒಬ್ಬ ಅಜ್ಜಿ ತನ್ನ ಹತ್ತರಲ್ಲಿ ಆರನ್ನು ನಡುರಾತ್ರಿಯ ಭಾಗದಲ್ಲಿ ಇಟ್ಟರು. ಯಾಕೆ ಅಂತ ಕೇಳಿದರೆ, ಗದ್ದೆಗೆ ಹಂದಿ ಬರುವ ಹೊತ್ತು ಅದು, ಆಗ ಬೆಳಕು ಇರಬೇಕು ಅಂದರು. ಕರೆಂಟು ಎಷ್ಟು ಬೇಕು ಅಂತ ಲೆಕ್ಕ ಹಾಕುವ ಯಾವ ಲೋಡ್ ಸರ್ವೆಯಲ್ಲೂ ಅದಕ್ಕೆ ಕಾಲಂ ಇರುವುದಿಲ್ಲ.

ಆಮೇಲೆ ಗೇರುಬೀಜ. ಸೋಲಾರ್ ಕರೆಂಟು ಯಾವಾಗ ಸಿಗುತ್ತದೋ ಅಲ್ಲಿ ನೀವು ಇಡಿ. ಎಲ್ಲ ಮಧ್ಯಾಹ್ನದ ಸುತ್ತಲೇ ಬೀಳುತ್ತದೆ. ಸಂಜೆ ಅಡಿಕೆ ಗುಡ್ಡೆ, ಗೇರುಬೀಜ ಒಂದೂ ಇಲ್ಲ. ಅಲ್ಲಿಗೆ ಅರ್ಧ ಪಾಠ ಆದ ಹಾಗೆ. ಈ ಸಂಜೆಯ ಕೊರತೆ ತುಂಬಲು ಹಗಲಿನ ಕರೆಂಟಲ್ಲಿ ನೀರನ್ನು ಮೇಲಿನ ಡ್ಯಾಮಿಗೆ ಹತ್ತಿಸಿ ಸಂಜೆ ಇಳಿಸುವುದು ಪಂಪ್ಡ್ ಸ್ಟೋರೇಜ್. ಹತ್ತಿಸಲು ಖರ್ಚಾಗುವ ಕರೆಂಟು ಇಳಿಸುವಾಗ ಸಿಗುವುದಕ್ಕಿಂತ ಜಾಸ್ತಿ, ಅದನ್ನು ಮುಚ್ಚಿಡಬೇಡಿ. ಬ್ಯಾಟರಿಗೆ ಜಾಗ ಕಡಿಮೆ ಸಾಕು, ಆದರೆ ಹಳತಾದ ಮೇಲೆ ಬದಲಿಸಬೇಕು. ಅಣು ವಿದ್ಯುತ್ ಹಗಲೂ ರಾತ್ರಿ ಒಂದೇ ಸಮ ಬರುತ್ತದೆ, ಅದರ ಪ್ರಶ್ನೆಗಳು ಬೇರೆ. ಪ್ರತಿಯೊಂದಕ್ಕೂ ಎಷ್ಟು ಜಾಗ, ಎಷ್ಟು ನೀರು, ತಂತಿ ಎಲ್ಲಿ ಹಾದು ಹೋಗುತ್ತದೆ, ಕೆಲಸ ಯಾರಿಗೆ, ಎಷ್ಟು ವರ್ಷಕ್ಕೆ ಅಂತ ಹೇಳಿ. ಒಂದನ್ನೇ ಚಂದ ಮಾಡಿ ತೋರಿಸಬೇಡಿ.

ಕೊನೆಗೆ ಕೇಳಬೇಕಾದ್ದು: ನಿಮ್ಮ ಮಕ್ಕಳು ದೊಡ್ಡವರಾದಾಗ ಈ ಕೇರಿಯಲ್ಲಿ ಏನೇನು ಓಡಬೇಕು? ಹಿಟ್ಟಿನ ಗಿರಣಿ, ಫ್ರಿಜ್, ಪಂಪ್‌ಸೆಟ್. ಹೆಂಗಸರನ್ನು ಬೇರೆ ಕೂರಿಸಿ ಇನ್ನೊಮ್ಮೆ ಕೇಳಿ, ಗೆರೆಯ ಮೇಲಿನ ಅಡಿಕೆ ಜಾಗ ಬದಲಿಸುತ್ತದೆ. ಉತ್ತರ ಅವತ್ತೇ ಬೇಕು ಅನ್ನಬೇಡಿ. ಅವರವರೇ ಕೂತು ಮಾತಾಡಿಕೊಳ್ಳಲು ಹದಿನೈದು ದಿನವಾದರೂ ಬಿಡಿ.

6. ನಡಾವಳಿ: ಎಲ್ಲ ಕೆಡುವುದು ಇಲ್ಲೇ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮೇಲಿನದೆಲ್ಲ ಚೆನ್ನಾಗಿ ಮಾಡಿ ಇಲ್ಲಿ ಎಡವಿದರೆ ಕೇರಿಯವರಿಗೆ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಹಾಜರಾತಿ ಹಾಳೆ ಮತ್ತು ಅಭಿಪ್ರಾಯದ ಹಾಳೆ ಬೇರೆ ಬೇರೆ ಇರಲಿ. ಹಾಜರಾತಿಯ ಪ್ರತಿ ಪುಟದ ತಲೆಯಲ್ಲಿ ‘ಇದು ಸಭೆಗೆ ಬಂದವರ ಪಟ್ಟಿ ಮಾತ್ರ, ಯಾವುದಕ್ಕೂ ಒಪ್ಪಿಗೆ ಅಲ್ಲ’ ಅಂತ ದೊಡ್ಡದಾಗಿ, ಸಹಿ ಬೀಳುವ ಮೊದಲೇ ಬರೆದಿರಲಿ. ಮೊದಲ ಪುಟದಲ್ಲಿ ಬರೆದರೆ ಸಾಕಾಗುವುದಿಲ್ಲ, ಪುಟಗಳು ಬೇರೆಯಾಗುತ್ತವೆ. ಖಾಲಿ ಹಾಳೆಗೆ ಸಹಿ ಹಾಕಿಸಿ ‘ಆಮೇಲೆ ನೀಟಾಗಿ ಟೈಪ್ ಮಾಡಿಸುತ್ತೇವೆ’ ಅನ್ನುವವರನ್ನು ಅಲ್ಲೇ ತಡೆಯಿರಿ. ಪುಟಕ್ಕೆ ನಂಬರ್ ಹಾಕಿ. ಕೊನೆಯ ಸಹಿಯ ಕೆಳಗೆ ಜಾಗ ಉಳಿದರೆ ಅಡ್ಡ ಗೆರೆ ಹೊಡೆಯಿರಿ. ಹೆಬ್ಬೆಟ್ಟು ಒತ್ತಿದವರ ಪಕ್ಕದಲ್ಲಿ ಅವರ ಹೆಸರು, ಓದಿ ಹೇಳಿದವರ ಹೆಸರು ಎರಡೂ ಇರಬೇಕು.

ಅಭಿಪ್ರಾಯ ಬರೆಯುವಾಗ ‘ಗ್ರಾಮಸ್ಥರು ಸಕಾರಾತ್ಮಕವಾಗಿ ಸ್ಪಂದಿಸಿದರು’ ಅಂತ ಯಾವತ್ತೂ ಬರೆಯಬೇಡಿ. ಯಾರು ಏನಂದರೋ ಅವರ ಮಾತಲ್ಲೇ ಬರೆಯಿರಿ. ‘ಲೈನ್ ಬರಲಿ, ಆದರೆ ನಮ್ಮ ದೇವರ ಕಾಡಿನ ಮೇಲೆ ಬೇಡ’ ಅಂದರೆ ಅಷ್ಟೂ ಬರೆಯಬೇಕು. ಮೊದಲರ್ಧ ಮಾತ್ರ ಬರೆದರೆ ಅದು ಒಪ್ಪಿಗೆ ಆಗುತ್ತದೆ! ಬೇಕು ಅಂದವರು, ಬೇಡ ಅಂದವರು, ಗೊತ್ತಿಲ್ಲ ಅಂದವರು ಮೂವರಿಗೂ ಜಾಗ ಇರಲಿ. ಉತ್ತರ ಕೊಡಲಾಗದ ಪ್ರಶ್ನೆಗಳ ಪಟ್ಟಿಯನ್ನು ಬೇರೆ ಮಾಡಿ.

ಎಲ್ಲ ಬರೆದ ಮೇಲೆ ಅವರ ಭಾಷೆಯಲ್ಲಿ ಜೋರಾಗಿ ಓದಿ. ತಿದ್ದಲು ಹೇಳಿದರೆ ಅವರ ಎದುರೇ ತಿದ್ದಿ. ನನ್ನ ಮಟ್ಟಿಗೆ ಕಾರ್ಬನ್ ಹಾಳೆಯ ಪುಸ್ತಕಕ್ಕಿಂತ ಒಳ್ಳೆಯ ಸಾಧನ ಇಲ್ಲ, ಒಂದು ಪ್ರತಿ ಅವತ್ತೇ ಕೇರಿಯಲ್ಲಿ ಉಳಿಯುತ್ತದೆ. ‘ಫೋಟೋ ಕಳಿಸುತ್ತೇವೆ’ ಅನ್ನುವುದನ್ನು ನಂಬಬೇಡಿ. ಅವರ ಮೊಬೈಲಿನಲ್ಲೇ ಪ್ರತಿ ಪುಟದ ಫೋಟೋ ತೆಗೆಸಿ, ನೀವು ಜೀಪು ಹತ್ತುವ ಮೊದಲು.

ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆಯ ಠರಾವು ಅಂತಾದರೆ ಇನ್ನೂ ಬಿಗಿ. ಸದಸ್ಯರಲ್ಲಿ ಅರ್ಧದಷ್ಟಾದರೂ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಎಣಿಸಿ, ಸಂಖ್ಯೆ ಬರೆಯಿರಿ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ 12 ಹಳ್ಳಿಗಳ ಸಭೆ ನಡೆದು, ಹನ್ನೆರಡೂ ಬಾಕ್ಸೈಟ್ ಗಣಿ ಬೇಡ ಅಂದವು. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ವೀಕ್ಷಕರಾಗಿ ಕೂತಿದ್ದರು. ನಮಗೆ ನ್ಯಾಯಾಧೀಶರು ಸಿಗಲಿಕ್ಕಿಲ್ಲ, ಆದರೆ ಯೋಜನೆಗೆ ಸಂಬಂಧವಿಲ್ಲದ ಒಬ್ಬ ಶಾಲಾ ಶಿಕ್ಷಕರನ್ನೋ ವಕೀಲರನ್ನೋ ಕೂರಿಸಿ ಅವರಿಂದಲೂ ಸಹಿ ಮಾಡಿಸಬಹುದಲ್ವಾ?

7. ವಾಪಸ್ ಹೋಗಿ

ಕರಡು ಯೋಜನೆ ಆದ ಮೇಲೆ ಅದೇ ಕೇರಿಗೆ, ಮೊದಲು ಹೋದವರೇ ಹೋಗಬೇಕು. ಹೊಸಬರನ್ನು ಕಳಿಸಿದರೆ ಎಲ್ಲ ಮೊದಲಿಂದ ಹೇಳಬೇಕಾಗುತ್ತದೆ, ಜನರಿಗೂ ಬೇಸರ. ನೀವು ಹೇಳಿದ್ದು ಇದು, ಯೋಜನೆಯಲ್ಲಿ ಸೇರಿದ್ದು ಇದು, ಸೇರದೇ ಇದ್ದುದು ಇದು, ಕಾರಣ ಇದು. ಕಾರಣ ಹೇಳಲು ನಾಚಿಕೆಯಾದರೆ ಆ ಕಾರಣವನ್ನೇ ಮೇಲಿನವರ ಹತ್ತಿರ ಮತ್ತೊಮ್ಮೆ ಕೇಳಿ ಬನ್ನಿ. ಉತ್ತರ ಬಾಕಿಯಿದ್ದ ಪ್ರಶ್ನೆಗಳ ಪಟ್ಟಿಯನ್ನು ಜೊತೆಗೇ ಒಯ್ಯಿರಿ. ಸಲಹೆ ಕಳಿಸಲು ಕೊನೆಯ ತಾರೀಕು ಇನ್ನೂ ಉಳಿದಿರುವಾಗಲೇ ಈ ಭೇಟಿ ಆಗಬೇಕು, ಇಲ್ಲದಿದ್ದರೆ ಕೇರಿಯವರು ತಮ್ಮ ಆಕ್ಷೇಪವನ್ನು ತಾವೇ ಬರೆದು ಕಳಿಸಲು ಸಮಯ ಸಿಗುವುದಿಲ್ಲ.